ಕೀಲೆಣ್ಣೆ ಹಾಕಿದ ಮೇಲೆ ಸದ್ದು ನಿಂತಿತು

ಮುತ್ತಂಗ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಗಾಡಿ ಮೊದಲ ಸಲ ಕಿರುಗುಟ್ಟಿತು. ಕೇರಳದ ಗಡಿಯಲ್ಲಿರುವ ಮುತ್ತಂಗದ ಗೇಟಿನಲ್ಲಿದ್ದ ಪೊಲೀಸಿನವನು ಆಗಷ್ಟೇ ನನ್ನ ಕೈಗಡಿಯಾರದ ಕಡೆ ಬೆರಳು ಮಾಡಿ ಗಂಟೆ ಕೇಳಿದ್ದ. ಅದಕ್ಕೇ ಸಮಯ ಇನ್ನೂ ನೆನಪಿದೆ. ಜೀಪನ್ನು ರಸ್ತೆಯ ಬದಿಗೆ ತಿರುಗಿಸಿ ನಿಲ್ಲಿಸುವಂತೆ ಅವನು ಕೈ ಬೀಸಿದ. ಶ್ರೀಕಂಠಮಾವ ಸ್ಟಿಯರಿಂಗ್ ಎಳೆದರು. ಹಿಂದೆ, ಜೀಪಿಗೂ ಅದು ಎಳೆಯುತ್ತಿದ್ದ ಕ್ಯಾರವಾನಿಗೂ ನಡುವೆ ಎಲ್ಲೋ, ಹಳೆಯ ಬಾಗಿಲೊಂದನ್ನು ಯಾರೋ ಬೇಕೆಂದೇ ನಿಧಾನವಾಗಿ ತೆರೆದಂತೆ ಕಿರ್ರೆಂದಿತು.

ಗೇಟಿನಲ್ಲಿದ್ದ ಎಲ್ಲರೂ ಒಟ್ಟಿಗೆ ತಲೆಯೆತ್ತಿದರು. ಒಬ್ಬನ ಕೈ ಬಂದೂಕಿನ ಮೇಲೆ ಹೋಯಿತು.

ಆ ವರ್ಷಗಳಲ್ಲಿ ವಯನಾಡಿನ ಕಾಡಂಚಿನಲ್ಲಿ ಯಾವ ಸದ್ದಿಗೂ ಜನ ಹಾಗೆ ತಲೆಯೆತ್ತುತ್ತಿದ್ದರು. ನಕ್ಸಲರು ಕಾಡು ಸೇರಿದ್ದಾರೆ ಎಂದು ಪೊಲೀಸರು ಹುಡುಕುತ್ತಿದ್ದರು. ಕಾಡಿನ ಜನ ಇದು ನಮ್ಮ ಹಿರಿಯರ ನೆಲ ಎಂದು ಗುಡಿಸಲು ಹಾಕಿಕೊಂಡು ಕೂತಿದ್ದರು. ಯಾರು ಯಾವ ಕಡೆಯವರು ಎಂದು ಯಾರಿಗೂ ಖಚಿತವಿರಲಿಲ್ಲ. ನಮ್ಮ ಮೈಸೂರಿನಿಂದ ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಟ್ಟುವಷ್ಟು ದೂರ. ಆದರೂ ಗೇಟಿನ ಆಚೆ ನನಗದು ಪರದೇಶವೇ ಆಗಿತ್ತು.

ನಮ್ಮ ಗಾಡಿಯೂ ಪರದೇಶದ್ದೇ. ಯುರೋಪಿನಿಂದ ರಸ್ತೆಯಲ್ಲೇ ಕ್ಯಾರವಾನ್ ಎಳೆದುಕೊಂಡು ಬಂದಿದ್ದ ಗಂಡಹೆಂಡಿರ ಕಾರು ಮೈಸೂರಿನಲ್ಲಿ ಕೆಟ್ಟು ಕೂತಿತು. ಅವರು ವಿಮಾನದಲ್ಲಿ ವಾಪಸಾದರು, ಕ್ಯಾರವಾನನ್ನು ಮಾವ ಕೊಂಡರು. ಮಾವ ಹಲ್ಲಿನ ಡಾಕ್ಟರು. ಒಳಗಿದ್ದ ಮಂಚ, ಒಲೆ ಕಿತ್ತು ಹಾಕಿ ತಮ್ಮ ಹಳೆಯ ಕಬ್ಬಿಣದ ಕುರ್ಚಿ ಇಟ್ಟರು. ಹೊರಗೆ ಗೋಡೆಯ ಮೇಲೆ ದೊಡ್ಡದೊಂದು ಹಲ್ಲು ಬರೆಸಿದರು. ಡಾಕ್ಟರಿಲ್ಲದ ಕಾಡಂಚಿನ ಊರುಗಳಿಗೆ ಹೋಗಿ ಹಲ್ಲು ನೋಡಬೇಕು ಎಂಬುದು ಅವರ ಆಸೆ. ಅವರ ಕಂಪೌಂಡರು ನಕ್ಸಲರ ಊರಿಗೆ ಬರಲಾರೆ ಎಂದುಬಿಟ್ಟ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಬೇಸಿಗೆ ರಜೆ. ಕಂಪೌಂಡರ್ ಕೆಲಸ ನನ್ನ ಪಾಲಿಗೆ ಬಂತು.

ಪೊಲೀಸಿನವನು ಗೋಡೆಯ ಚಿತ್ರವನ್ನು ಬಹಳ ಹೊತ್ತು ನೋಡಿ, ತನಗೆ ಬರುವಷ್ಟು ಕನ್ನಡದಲ್ಲಿ ಕೇಳಿದ: "ಯಾಕೆ ಆನೆ ಬರೆದಿದ್ದು?"

"ಆನೆಯಲ್ಲಪ್ಪ, ದವಡೆಹಲ್ಲು" ಎಂದರು ಮಾವ.

"ಕಾಲು ನಾಲ್ಕಿದೆಯಲ್ಲ?"

"ಅದು ಬೇರು."

ಅವನು ನಗಲಿಲ್ಲ. ಒಳಗೆಲ್ಲ ಹುಡುಕಿದ. ಇಕ್ಕಳಗಳ ತಟ್ಟೆ ನೋಡಿ ಮುಖ ಕಿವುಚಿದ. ಕೊನೆಗೆ ಬಗ್ಗಿ ಗಾಡಿಯ ಕೊಂಡಿಯನ್ನು ನೋಡಿ, ಸದ್ದು ಬರುತ್ತಿದೆ, ಸರಿ ಮಾಡಿಸಿಕೊಳ್ಳಿ ಎಂದು ಸನ್ನೆ ಮಾಡಿ ಬಿಟ್ಟ.

ಕಲ್ಲೂರು

ಕಲ್ಲೂರಿನಲ್ಲಿ ನಾವು ನಿಂತದ್ದು ಪುಟ್ಟಯ್ಯನ ಚಾಯದ ಅಂಗಡಿಯ ಪಕ್ಕದ ಬಯಲಲ್ಲಿ. ಪುಟ್ಟಯ್ಯನ ಮುತ್ತಾತ ಗುಂಡ್ಲುಪೇಟೆಯ ಕಡೆಯಿಂದ ಬಂದು ನೆಲೆಸಿದವರಂತೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಲೆಕ್ಕ ಮಾಡುವಾಗ ಎರಡೂ.

ಬಯಲಿಗೆ ತಿರುಗುವಾಗ ಗಾಡಿ ಮತ್ತೆ ಕಿರುಗುಟ್ಟಿತು. ಮೈಸೂರಿನಲ್ಲಾದರೆ ದಾರಿಹೋಕರು ದೂರದಿಂದಲೇ ಒಂದು ಸಲಹೆ ಕೊಟ್ಟು ಮುಂದೆ ಹೋಗುತ್ತಾರೆ. ಇಲ್ಲಿ ಚಾಯ ಕುಡಿಯುತ್ತಿದ್ದವರೆಲ್ಲ ಗ್ಲಾಸು ಕೆಳಗಿಟ್ಟು, ಪಂಚೆಯನ್ನು ಮೊಣಕಾಲ ಮೇಲಕ್ಕೆ ಮಡಚಿ ಕಟ್ಟಿ, ನೇರ ಗಾಡಿಯ ಅಡಿಗೇ ನುಗ್ಗಿದರು. ಸದ್ದು ಚಕ್ರದ್ದು ಎಂದು ಕೆಲವರು, ಸ್ಪ್ರಿಂಗಿನದು ಎಂದು ಕೆಲವರು. ಒಂದು ಗ್ಲಾಸು ಚಾಯ ಮುಗಿಯುವುದರೊಳಗೆ ಎರಡು ಪಕ್ಷಗಳೇ ಹುಟ್ಟಿಕೊಂಡವು. ಚಕ್ರದ ಪಕ್ಷದ ಮುದುಕರೊಬ್ಬರು ಸ್ಪ್ರಿಂಗಿನ ಪಕ್ಷದವರನ್ನು ಬಂಡವಾಳಶಾಹಿಗಳು ಎಂದು ಬೈದರು.

ನಾನು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು ತುದಿಯನ್ನು ಕಬ್ಬಿಣಕ್ಕೆ ಮುಟ್ಟಿಸಿದರೆ ಒಳಗಿನ ಸದ್ದು ಕಿವಿಗೇ ಬರುತ್ತದೆ. ಮಾವ ಜೀಪನ್ನು ಬಯಲಲ್ಲಿ ಆಮೆಯ ಹಾಗೆ ಸುತ್ತು ಹಾಕಿಸಿದರು. ನಾನು ಪಕ್ಕದಲ್ಲಿ ಬಗ್ಗಿಕೊಂಡೇ ನಡೆದೆ. ಚಕ್ರದಲ್ಲಿ ಏನೂ ಇಲ್ಲ. ಸ್ಪ್ರಿಂಗಿನಲ್ಲಿ ಸಣ್ಣದೊಂದು ಟಕ್. ಜೀಪಿನ ಹಿಂದಿನ ಕಬ್ಬಿಣದ ಗುಂಡು, ಅದರ ಮೇಲೆ ಕೂರುವ ಕ್ಯಾರವಾನಿನ ಬಟ್ಟಲು, ಅಲ್ಲೂ ಅಷ್ಟೇನಿಲ್ಲ. ಆದರೆ ಕೊಂಡಿಯ ಪಕ್ಕದಲ್ಲಿ ಒಂದು ಉದ್ದನೆಯ ಉಕ್ಕಿನ ಪಟ್ಟಿ ಇತ್ತು. ಅದರ ಒಂದು ತುದಿ ಕ್ಯಾರವಾನಿಗೆ ಬಿಗಿದಿತ್ತು, ಇನ್ನೊಂದು ತುದಿ ಜೀಪಿನ ಹತ್ತಿರ ಎರಡು ದಪ್ಪ ತಟ್ಟೆಗಳ ನಡುವೆ ಸಿಕ್ಕಿಕೊಂಡಿತ್ತು. ಮೇಲೊಂದು ದೊಡ್ಡ ನಟ್ಟು. ಆ ತಟ್ಟೆಗಳಿಗೆ ಸ್ಕ್ರೂಡ್ರೈವರ್ ಮುಟ್ಟಿಸಿದೆ. ಕಿವಿಯಲ್ಲಿ ಕಿರುಚಿತು.

"ಇಲ್ಲೇ ಮಾವ! ಈ ತಟ್ಟೆಗಳ ನಡುವೆ."

ಕ್ಯಾರವಾನಿನ ಕಡೆಯ ತುದಿ ಬಿಡಿಸಿ ನೋಡಿದರೆ ಆ ಪಟ್ಟಿ ಕೈಯಿಂದ ಜಗ್ಗಲೇ ಇಲ್ಲ. ಇಬ್ಬರು ಹಾರೆ ಹಾಕಿ ಮೀಟಿದಾಗ ಕಿರ್ರೆಂದು ಬೆರಳಗಲ ತಿರುಗಿತು.

"ಇಷ್ಟು ಬಿಗಿಯಾಗಿ ಯಾಕೆ ಮಾಡಿದಾರೋ, ಬಿಚ್ಚಿ ನೋಡಿದ ಮೇಲೆ ಏನಾದ್ರೂ ಮಾಡೋಣ" ಎಂದೆ.

"ಬಿಚ್ಚೋದು ಏನು ಬಂತು, ತುಕ್ಕು ಹಿಡಿದು ಕಚ್ಚಿಕೊಂಡಿದೆ" ಎಂದರು ಮಾವ. "ನಮ್ಮಪ್ಪನ ಎತ್ತಿನ ಗಾಡಿ ಊರೊಳಗೆ ಬಂದ್ರೆ ನಾಯಿಗೂ ಗೊತ್ತಾಗ್ತಿರಲಿಲ್ಲ. ಗಾಡಿ ಕಿರುಗುಟ್ಟಿದ್ರೆ ನಮ್ಮಜ್ಜಿ ಎತ್ತಿಗೆ ಬೈತಿರಲಿಲ್ಲ, ಯಜಮಾನನಿಗೆ ಬೈತಿದ್ರು."

"ಹೌದು ಸಾರೇ, ಇದು ಎಣ್ಣೆ ಕೇಳೋ ಸದ್ದೇ" ಎಂದ ಪುಟ್ಟಯ್ಯ. ಒಳಗೆ ಹೋಗಿ ಬಿದಿರಿನ ಕೊಳವೆ ತಂದ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ. ಅವನ ಮನೆಯ ಗಾಡಿಗೆ ಇಟ್ಟಿದ್ದು.

ಈಗ ಎರಡು ಪಕ್ಷಗಳೂ ಒಂದಾದವು. ನಟ್ಟು ಸಡಿಲಿಸಿದರು. ತಟ್ಟೆಗಳ ನಡುವೆ ಕೀಲೆಣ್ಣೆ ಸುರಿದು ಕೋಳಿಪುಕ್ಕದಿಂದ ಒಳಗೆಲ್ಲ ಸವರಿದರು. ಮತ್ತೆ ಬಿಗಿದು ಜೀಪು ಸುತ್ತು ಹಾಕಿಸಿದರೆ, ಸದ್ದೇ ಇಲ್ಲ! ಯಾರೋ ಚಪ್ಪಾಳೆ ತಟ್ಟಿದರು. ನನಗೂ ಹಾಯೆನಿಸಿತು.

"ಕುಳಪ್ಪ ಇಲ್ಲ ಸಾರೇ" ಎಂದ ಪುಟ್ಟಯ್ಯ. ಏನೂ ತೊಂದರೆಯಿಲ್ಲ ಎಂದು ಅರ್ಥ. ಆ ಮಾತನ್ನು ಅಲ್ಲಿ ಎಲ್ಲದಕ್ಕೂ ಹೇಳುತ್ತಾರೆ.

ಅವತ್ತೇ ಮಾವ ಇನ್ನೊಂದು ಕೆಲಸ ಮಾಡಿಸಿದರು. ಹಲ್ಲಿನ ಡಾಕ್ಟರಿಗೆ ಬೆಳಕು ಬೇಕು. ಕುರ್ಚಿ ಇದ್ದದ್ದು ಕ್ಯಾರವಾನಿನ ಮುಂಭಾಗದಲ್ಲಿ, ದೊಡ್ಡ ಕಿಟಕಿ ಇದ್ದದ್ದು ಹಿಂಭಾಗದಲ್ಲಿ. ಪಂಚೆ ಮಡಚಿದವರೆಲ್ಲ ಸೇರಿ ಆ ಕಬ್ಬಿಣದ ರಾಶಿಯನ್ನು ಏದುಸಿರು ಬಿಡುತ್ತ ಹಿಂದಿನ ಕಿಟಕಿಗೆ ಸಾಗಿಸಿದರು. ಇಕ್ಕಳದ ಪೆಟ್ಟಿಗೆ, ನೀರಿನ ಡ್ರಮ್ಮು ಅದರ ಬಗಲಿಗೆ ಹೋದವು.

ಮಾದಿ

ಮೊದಲ ರೋಗಿ ಪುಟ್ಟಯ್ಯನೇ. ಹೊರಗೆ ನಿಂತವರಿಗೆಲ್ಲ ಧೈರ್ಯ ಹೇಳಿ ಕುರ್ಚಿ ಹತ್ತಿದ. ಜಂಬ ಕೊಚ್ಚಿದ್ದು ಕನ್ನಡದಲ್ಲಿ, ಕಿರುಚಿದ್ದು ಮಲಯಾಳದಲ್ಲಿ. ಆಮೇಲೆ ಅಂಗಡಿಯ ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು. ಆದರೆ ಕಾಡಿನ ಕಡೆಯ ಗುಡಿಸಲುಗಳಿಂದ ಯಾರೂ ಬರಲಿಲ್ಲ. ಪೊಲೀಸ್ ಜೀಪು ಬಯಲಿನ ಮುಂದೆ ಹಾದು ಹೋಗುತ್ತಿತ್ತು, ಬರುತ್ತಿತ್ತು. ಆ ಜನ ಮರಗಳ ಸಾಲಿನಲ್ಲಿ ನಿಂತು ನಮ್ಮ ಹಲ್ಲಿನ ಚಿತ್ರ ನೋಡಿ ಹಿಂದಿರುಗುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ಅಲ್ಲಿಂದ ಒಬ್ಬ ಹೆಂಗಸು ನೇರ ನಡೆದು ಬಂದಳು. ಹೆಸರು ಮಾದಿ. ಅವಳ ಕನ್ನಡ ನಮ್ಮದಕ್ಕೆ ಹತ್ತಿರವೇ, ಆದರೆ ಮಾತಿನ ಏರಿಳಿತ ಬೇರೆ.

"ಡಾಕ್ಟ್ರೇ, ನನ್ನ ಗಂಡನಿಗೆ ಹಲ್ಲು ನೋವು ಇತ್ತು. ಈಗ ಹಲ್ಲಲ್ಲ, ಕುತ್ತಿಗೆ. ನೀರು ಇಳಿಯೋದಿಲ್ಲ."

"ಇಷ್ಟು ದಿನ ಯಾಕಮ್ಮ ಕರಕೊಂಡು ಬರಲಿಲ್ಲ?"

"ರೋಡಿಗೆ ಬಂದ್ರೆ ಹೆಸರು ಕೇಳ್ತಾರೆ. ಹೆಸರು ಹೇಳಿದವರು ತಿರುಗಿ ಬಂದಿಲ್ಲ. ಗುಡಿಸಲು ಬಿಟ್ಟು ಹೋದ್ರೆ ಗುಡಿಸಲೂ ಇರೋದಿಲ್ಲ. ಅದಕ್ಕೇ ಇವನು ಬಾಯಿ ಕಟ್ಟಿಕೊಂಡು ಕೂತ."

ಅವಳ ಗಂಡ ಬೊಮ್ಮನನ್ನು ಅವನ ತಮ್ಮಂದಿರು ಕಂಬಳಿಯ ಜೋಲಿಯಲ್ಲಿ ಹೊತ್ತು ತಂದರು. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು, ಕೂರಿಸಿದರೆ ಸ್ವಲ್ಪ ಆಡುತ್ತಿತ್ತು. ದವಡೆಯ ಕೆಳಗೆ ಕುತ್ತಿಗೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ನಾಲಿಗೆ ಮೇಲಕ್ಕೆದ್ದು ಬಾಯಿ ತುಂಬಿತ್ತು. ಮಾವ ಮುಟ್ಟಿ ನೋಡಿದರು, ನನ್ನನ್ನು ಪಕ್ಕಕ್ಕೆ ಕರೆದರು.

"ಕೀವು ಕುತ್ತಿಗೆಗೆ ಇಳಿದಿದೆ ವಿಮಲಾ. ಉಸಿರಿನ ದಾರಿ ಮುಚ್ಚಿಕೊಳ್ತಿದೆ. ಕುತ್ತಿಗೆ ಕೊಯ್ದು ಕೊಳವೆ ಹಾಕೋರು ಬೇಕು. ಇದು ನನ್ನ ಕೈಲಾಗೋ ಕೆಲಸವಲ್ಲ. ಸಂಜೆಯೊಳಗೆ ಆಗಬೇಕು."

ಹತ್ತಿರದ ಆಸ್ಪತ್ರೆ ಇರುವ ಬತ್ತೇರಿಯ ಕಡೆ ಬೆಳಿಗ್ಗೆಯಿಂದ ರಸ್ತೆಗೆ ಮರ ಕಡಿದು ಕೆಡವಿದ್ದಾರೆ ಎಂದ ಪುಟ್ಟಯ್ಯ. ಆ ಕಡೆ ಬಸ್ಸೂ ಇಲ್ಲ, ಏನೂ ಇಲ್ಲ. ಉಳಿದದ್ದು ಮೈಸೂರಿನ ದಾರಿ. ಜೀಪಿನಲ್ಲಿ ಅವನನ್ನು ಕೂರಿಸಿ ನೋಡಿದೆವು, ತಲೆ ಮುಂದಕ್ಕೆ ವಾಲಿ ಮುಖ ನೀಲಿಯಾಯಿತು. ಹಲ್ಲಿನ ಕುರ್ಚಿಯ ಬೆನ್ನು ಬೇಕಾದಷ್ಟು ಓರೆಯಾಗುತ್ತದೆ, ತಲೆಗೆ ಆಸರೆ ಇದೆ. ಅದರಲ್ಲಿ ಕೂರಿಸಿದಾಗ ಉಸಿರು ಆಡಿತು. ಹಾಗೇ ಹೊರಟೆವು. ಮಾವ ಜೀಪಿನಲ್ಲಿ. ನಾನು, ಮಾದಿ, ಬೊಮ್ಮ ಹಿಂದೆ ಕ್ಯಾರವಾನಿನಲ್ಲಿ, ಆ ಹಿಂದಿನ ಕಿಟಕಿಯ ಬಳಿ.

ಗಡಿಯ ಇಳಿಜಾರು

ಮುತ್ತಂಗದ ಗೇಟಿನಲ್ಲಿ ಅದೇ ಪೊಲೀಸಿನವನು. ಬಾಗಿಲು ತೆರೆದ. ಮಾದಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಅವನು ಬಾಯಿ ತೆರೆದ, ಹೆಸರು ಕೇಳುವುದಕ್ಕೇ ಇರಬೇಕು. ಅಷ್ಟರಲ್ಲಿ ಬೊಮ್ಮನ ಕುತ್ತಿಗೆ ನೋಡಿದ. ಹಿಂದೆ ಸರಿದು ತಾನೇ ಓಡಿಹೋಗಿ ಗೇಟಿನ ಬೊಂಬು ಎತ್ತಿದ. ಕಿಟಕಿಯಿಂದ ಅವನ ಕೂಗು ಕೇಳಿಸಿತು: "ಪೋ, ಪೋ! ಶಬ್ದಂ ಪೋಯಲ್ಲೋ!" ಹೋಗಿ ಹೋಗಿ, ಸದ್ದು ಹೋಯಿತಲ್ಲ, ಎಂದು.

ಆಮೇಲೆ ಆದದ್ದನ್ನು ನಾನು ಎಷ್ಟು ಸಲ ನೆನೆದರೂ ಅದು ಒಂದೇ ವೇಗದಲ್ಲಿ ನಡೆಯುವುದಿಲ್ಲ. ಒಮ್ಮೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ಒಮ್ಮೆ ಮುಗಿಯುವುದೇ ಇಲ್ಲ.

ರಸ್ತೆ ನೇರವಾಗಿ ಇಳಿಯತೊಡಗಿತು. ಬೊಮ್ಮನ ಉಸಿರು ಸೀಟಿಯ ಹಾಗೆ ಸಣ್ಣಗಾಗುತ್ತಿತ್ತು. ಮಾವನಿಗೂ ಅದೇ ಅವಸರ, ಜೀಪಿನ ವೇಗ ಏರಿತು. ಮೊದಲು ಕಾಲಡಿಯ ಹಲಗೆ ಎಡಕ್ಕೆ ಸರಿದ ಹಾಗಾಯಿತು. ರಸ್ತೆಯ ಗುಂಡಿ ಎಂದುಕೊಂಡೆ. ನಂತರ ಬಲಕ್ಕೆ. ಮತ್ತೆ ಎಡಕ್ಕೆ, ಮೊದಲಿಗಿಂತ ಜೋರಾಗಿ. ಡ್ರಮ್ಮಿನ ನೀರು ಚೆಲ್ಲಿತು. ಇಕ್ಕಳಗಳು ತಟ್ಟೆಯಿಂದ ಹಾರಿ ಗೋಡೆಗೆ ಬಡಿದವು.

"ಏನಿದು ಅಕ್ಕ? ಆನೆ ಹಿಡಿದು ಅಲ್ಲಾಡಿಸ್ತಾ ಇದೆಯಾ?" ಎಂದಳು ಮಾದಿ.

ನಾನು ಮುಂದಿನ ಕಿಟಕಿಗೆ ಓಡಿ ಗಾಜು ಬಡಿದೆ. ಮಾವನ ಬೆನ್ನು ಕಾಣುತ್ತಿತ್ತು, ಒಮ್ಮೆ ಕಿಟಕಿಯ ಈ ತುದಿಯಲ್ಲಿ, ಒಮ್ಮೆ ಆ ತುದಿಯಲ್ಲಿ. ಹಿಂದಿನ ಗಾಡಿ ಬಾಲ ಬೀಸಿದಂತೆಲ್ಲ ಮುಂದಿನ ಜೀಪನ್ನೂ ಎಳೆದಾಡುತ್ತಿತ್ತು. ಎದುರಿನಿಂದ ಮರದ ದಿಮ್ಮಿ ತುಂಬಿದ ಲಾರಿ ಬರುತ್ತಿತ್ತು. ಮಾವ ಬ್ರೇಕು ಒತ್ತಿದರು.

ಒತ್ತಬಾರದಿತ್ತು. ಮುಂದಿನದು ತಡೆದರೆ ಹಿಂದಿನದು ಇನ್ನೂ ಜೋರಾಗಿ ಬೀಸುತ್ತದೆ, ಅದು ಈಗ ಗೊತ್ತು. ಎದುರು ಲಾರಿ ಕಂಡವರು ಬ್ರೇಕು ಒತ್ತದೆ ಇರುವುದು ಹೇಗೋ, ಅದು ಇವತ್ತಿಗೂ ನನಗೆ ತಿಳಿಯದು.

ನೆಲ ಗೋಡೆಯಾಯಿತು. ಕುರ್ಚಿ ಜಾರಿತು. ಮಾದಿ ಗಂಡನ ಮೇಲೆ ಬಿದ್ದು ಕುರ್ಚಿಯ ಎರಡು ತೋಳುಗಳನ್ನೂ ಹಿಡಿದುಕೊಂಡಳು. ಅವಳು, ಅವನು, ಕುರ್ಚಿ, ಮೂರೂ ಒಂದೇ ವಸ್ತುವಿನ ಹಾಗೆ ನನ್ನ ಕಡೆ ಬಂದದ್ದು ಕಂಡಿತು. ಆಮೇಲೆ ಗಾಜು ಒಡೆದ ಸದ್ದು. ಆಮೇಲೆ ಏನೂ ಇಲ್ಲ. ಸೀಟಿಯೂ ಇಲ್ಲ.

ಸತ್ತ ಎಂದುಕೊಂಡೆ.

ಗಾಡಿ ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಒರಗಿ ಮಗ್ಗುಲಾಗಿತ್ತು, ಜೀಪು ಅದರ ಕೊಂಡಿಗೆ ಸಿಕ್ಕಿಕೊಂಡು ನಿಂತಿತ್ತು. ಲಾರಿಯವರು ಪಕ್ಕಕ್ಕೆ ಎಳೆದು ನಿಲ್ಲಿಸಿ ಓಡಿ ಬಂದು, ಹಿಂದಿನ ಕಿಟಕಿಯ ಉಳಿದ ಗಾಜನ್ನು ಸುತ್ತಿಗೆಯಿಂದ ಒಡೆದರು. ಮಾವ ಆ ಕಿಂಡಿಯಲ್ಲಿ ತೂರಿ ಒಳಗೆ ಬಂದರು. ಹಣೆಯಿಂದ ರಕ್ತ ಇಳಿಯುತ್ತಿತ್ತು. ನನ್ನನ್ನು ನೋಡಲೇ ಇಲ್ಲ. ನೇರ ಬೊಮ್ಮನ ಬಾಯಿಗೆ ಕೈ ಹಾಕಿ, ಬಟ್ಟೆಯಲ್ಲಿ ನಾಲಿಗೆ ಹಿಡಿದು ಹೊರಕ್ಕೆಳೆದರು. ಸೀಟಿ ಮತ್ತೆ ಬಂತು.

"ಇದನ್ನ ಬಿಟ್ರೆ ಉಸಿರು ನಿಲ್ಲುತ್ತೆ. ನಾನು ಬಿಡಲ್ಲ. ಎತ್ತಿ" ಎಂದರು.

ಲಾರಿಯ ಡ್ರೈವರು ಒಂದು ಮಾತೂ ಕೇಳಲಿಲ್ಲ. ಕೇರಳಕ್ಕೆ ಹೊರಟಿದ್ದ ದಿಮ್ಮಿಗಳ ಲಾರಿಯನ್ನು ಆ ಕಿರಿದಾದ ರಸ್ತೆಯಲ್ಲಿ ಹಿಂದೆ ಮುಂದೆ ಮಾಡಿ ಮೈಸೂರಿನ ಕಡೆ ತಿರುಗಿಸಿದ. ಮುಂದಿನ ಸೀಟಿನಲ್ಲಿ ಬೊಮ್ಮನನ್ನು ಕೂರಿಸಿದರು. ಒಂದು ಕಡೆ ಮಾದಿ, ಇನ್ನೊಂದು ಕಡೆ ನಾಲಿಗೆ ಹಿಡಿದ ಮಾವ. ನನಗೆ ಜಾಗವಿರಲಿಲ್ಲ. ಕ್ಲೀನರನ್ನು ನನ್ನ ಜೊತೆ ಬಿಟ್ಟು ಲಾರಿ ಹೋಯಿತು.

ರಸ್ತೆಯ ಬದಿ

ಕ್ಲೀನರು ರಸ್ತೆಯ ಮೇಲೆ ಸೊಪ್ಪು ಹಾಕಿ, ಬರುವ ಗಾಡಿಗಳಿಗೆ ಕೈ ತೋರಿಸುತ್ತ ನಿಂತ. ನನಗೆ ಸುಮ್ಮನೆ ಕೂರಲಾಗಲಿಲ್ಲ. ಏನಾದರೂ ಮಾಡಬೇಕಿತ್ತು. ಜೀಪಿನ ಪೆಟ್ಟಿಗೆಯಿಂದ ಸ್ಪ್ಯಾನರ್ ತೆಗೆದುಕೊಂಡು ಕೊಂಡಿಯ ಹತ್ತಿರ ಹೋದೆ.

ಕೊಂಡಿ ತಿರುಚಿಕೊಂಡಿದ್ದರೂ ಕಳಚಿರಲಿಲ್ಲ. ಆ ಉಕ್ಕಿನ ಪಟ್ಟಿ ಕ್ಯಾರವಾನಿನಿಂದ ಕಿತ್ತುಬಂದು ಒಂದು ತುದಿಯಲ್ಲಿ ಮಾತ್ರ ನೇತಾಡುತ್ತಿತ್ತು. ಬೆರಳಿನಿಂದ ತಳ್ಳಿದೆ. ಗಡಿಯಾರದ ಮುಳ್ಳಿನ ಹಾಗೆ ನುಣ್ಣಗೆ ತಿರುಗಿತು. ಮೊನ್ನೆ ಇಬ್ಬರು ಹಾರೆ ಹಾಕಿ ಮೀಟಿದ್ದ ಪಟ್ಟಿ.

ನಟ್ಟು ಬಿಚ್ಚಿ ತಟ್ಟೆ ಎತ್ತಿದೆ. ಹರಳೆಣ್ಣೆಯ ವಾಸನೆ ಬಂತು. ಸೆರಗಿನಿಂದ ಕರಿ ಒರೆಸಿದಾಗ ಒಳಗೆ ಒರಟಾದ ಬಿಲ್ಲೆಗಳು ಕಂಡವು. ಬ್ರೇಕಿನಲ್ಲಿರುವಂಥವೇ. ಅವು ಉಜ್ಜುವುದಕ್ಕೇ ಇರುವಂಥವು. ಹಿಂದಿನ ಗಾಡಿ ಬಾಲ ಬೀಸಲು ಹೊರಟಾಗಲೆಲ್ಲ ಈ ಬಿಲ್ಲೆಗಳು ಪಟ್ಟಿಯನ್ನು ಕಚ್ಚಿ ಹಿಡಿದು ತಡೆಯುತ್ತಿದ್ದವು. ಜೀಪು ತಿರುಗುವಾಗ ಬರುತ್ತಿದ್ದ ಕಿರ್ ಸದ್ದು ಆ ಹಿಡಿತದ್ದೇ. ಕೆಟ್ಟದ್ದೇನೂ ಇರಲಿಲ್ಲ. ಗಾಡಿ ಕೆಲಸ ಮಾಡುತ್ತಿತ್ತು, ಅಷ್ಟೇ. ಅದರ ಜೊತೆ ಕುರ್ಚಿ, ಡ್ರಮ್ಮು, ನಾವು ಮೂವರು, ಎಲ್ಲ ಭಾರವೂ ಹಿಂದಿನ ತುದಿಗೆ. ಮುಂದೆ ಕೊಂಡಿಯ ಮೇಲೆ ಒತ್ತುವ ಭಾರವೇ ಉಳಿದಿರಲಿಲ್ಲ. ಉದ್ದ ಕೋಲಿನ ತುದಿಗೆ ಕಲ್ಲು ಕಟ್ಟಿ ಇನ್ನೊಂದು ತುದಿ ಹಿಡಿದು ಓಡಿದರೆ ಏನಾಗುತ್ತದೋ ಅದೇ ಆಗಿತ್ತು. ಪ್ರತಿ ವರ್ಷ ಹುಡುಗಿಯರಿಗೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸುವ ಪಾಠ.

ಇಷ್ಟೆಲ್ಲ ಅರ್ಥವಾದಾಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಪಟ್ಟಿಯನ್ನು ಬೆರಳಿನಿಂದ ತಳ್ಳುತ್ತಲೇ ಕೂತೆ. ಅತ್ತ, ತಳ್ಳಿದರೆ ಇತ್ತ. ಕ್ಲೀನರು ಬಂದು, "ಚೇಚಿ, ಸಾಕು ಅಕ್ಕ" ಎಂದು ಸ್ಪ್ಯಾನರನ್ನು ಮೆಲ್ಲಗೆ ಕೈಯಿಂದ ಬಿಡಿಸಿಕೊಂಡ.

ಮೈಸೂರು

ಬೊಮ್ಮ ಬದುಕಿದ್ದಾನೆ ಎಂಬ ಸುದ್ದಿ ನನಗೆ ಸಿಕ್ಕಿದ್ದು ಮರುದಿನ, ನಾನು ಬಸ್ಸಿನಲ್ಲಿ ಮನೆ ತಲುಪಿದ ಮೇಲೆ. ಆಸ್ಪತ್ರೆಯಲ್ಲಿ ಅವನ ಗಂಟಲಿಗೆ ರಂಧ್ರ ಮಾಡಿ ಕೊಳವೆ ಹಾಕಿದ್ದರು. ಲಾರಿಯಲ್ಲಿ ದಾರಿಯುದ್ದಕ್ಕೂ ಹಿಡಿದಿದ್ದ ನಾಲಿಗೆಯನ್ನು ಬಿಡಬೇಕಾದಾಗ ಮಾವನ ಬೆರಳುಗಳು ಬಿಡಿಸಿಕೊಳ್ಳಲಿಲ್ಲವಂತೆ. ನರ್ಸು ಒಂದೊಂದಾಗಿ ಬಿಡಿಸಿದಳಂತೆ.

ಆದರೆ ಡಾಕ್ಟರುಗಳು ಇನ್ನೂ ಏನೂ ಹೇಳುವ ಹಾಗಿಲ್ಲ ಎನ್ನುತ್ತಿದ್ದರು. ಜ್ವರ ಇಳಿಯುತ್ತಿತ್ತು, ಏರುತ್ತಿತ್ತು. ನಮಗೆ ನಿದ್ದೆ ಹಾರಿಹೋಯಿತು. ನನಗೆ ಕಣ್ಣು ಮುಚ್ಚಿದರೆ ಮಂಚ ಎಡಕ್ಕೆ ಸರಿಯುತ್ತಿತ್ತು. ಮಾವ ಹಜಾರದಲ್ಲಿ ಬೆಳಗಿನವರೆಗೂ ಓಡಾಡುತ್ತಿದ್ದರು. "ಅದು ಕಿರುಗುಟ್ತಾ ಇತ್ತಲ್ಲೇ. ಹೇಳ್ತಾನೇ ಇತ್ತಲ್ಲ" ಎಂದು ಒಂದು ಸಲ ಅಂದರು.

ಮಾದಿ ಆಸ್ಪತ್ರೆಯ ವರಾಂಡದಲ್ಲೇ ಇದ್ದಳು. ಊಟ ಒಯ್ದರೆ ಅರ್ಧ ತಿಂದು, ಅರ್ಧ ಪಕ್ಕದ ರೋಗಿಯ ಹೆಂಡತಿಗೆ ಕೊಡುತ್ತಿದ್ದಳು. ಗುಡಿಸಲಿನ ಯೋಚನೆಯೂ ಅವಳಿಗಿತ್ತು. ಕೊನೆಗೆ ಪುಟ್ಟಯ್ಯ ಬಸ್ಸಿನ ಕಂಡಕ್ಟರ ಹತ್ತಿರ ಹೇಳಿ ಕಳಿಸಿದ: ಗುಡಿಸಲು ಇದೆ, ಅವಳ ತಂಗಿ ಮಕ್ಕಳ ಸಮೇತ ಒಳಗೆ ಕೂತಿದ್ದಾಳೆ, ಎಬ್ಬಿಸಲು ಬಂದವರಿಗೆ ಬೈದ ಬೈಗುಳ ಅಂಗಡಿಯವರೆಗೂ ಕೇಳಿಸಿದೆ.

ಒಂದು ಶುಕ್ರವಾರ ಕೊಳವೆ ತೆಗೆದರು. ನಾವು ಹೋದಾಗ ಬೊಮ್ಮ ದಿಂಬಿಗೆ ಒರಗಿ ಕೂತಿದ್ದ. ಕುತ್ತಿಗೆಗೆ ಬಟ್ಟೆಯ ಪಟ್ಟಿ. ಅವನ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ಕುತ್ತಿಗೆಯ ಪಟ್ಟಿಯನ್ನು ಬೆರಳಿನಿಂದ ಒತ್ತಿಕೊಂಡು, ಒರಟು ದನಿಯಲ್ಲಿ ಹೆಂಡತಿಯನ್ನು ಕೇಳಿದ:

"ಗಾಡಿ ಓಡಿಸಿದ್ದು ಯಾರು?"

ಮಾವ ಎದ್ದು ನಿಂತರು. "ನಾನಪ್ಪ."

ಬೊಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹಲ್ಲು ಕಿತ್ತಿದ್ದು?"

"ಇಲ್ಲಿಯ ಡಾಕ್ಟರು."

"ಅಷ್ಟಾದ್ರೂ ಆಯ್ತಲ್ಲ" ಎಂದ ಬೊಮ್ಮ. "ಊರಿಗೆ ನಾವು ಬಸ್ಸಲ್ಲೇ ಹೋಗ್ತೀವಿ."

ಮಾದಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಪಕ್ಕದ ಮಂಚದವರೂ ನಕ್ಕರು. ಮಾವ ನಗಲು ಹೋಗಿ, ಆಗದೆ, ಗೋಡೆಯ ಕಡೆ ತಿರುಗಿ ನಿಂತರು. ಅವರ ಭುಜಗಳು ಬಹಳ ಹೊತ್ತು ಅಲುಗುತ್ತಿದ್ದವು.

ಅವತ್ತು ಮನೆಗೆ ಬಂದು ಉಂಡೆವು. ಮಾವ ಹಜಾರದಲ್ಲಿ ಓಡಾಡಲು ಹೋಗದೆ, ಕೂತಲ್ಲೇ ಚಾಪೆಯ ಮೇಲೆ ಉರುಳಿದರು. ನಾನು ದೀಪ ಆರಿಸಿದ್ದು ನೆನಪಿದೆ. ಆಮೇಲೆ ನೆನಪಿರುವುದು, ಅತ್ತೆ ಬಂದು ಬಿಸಿಲು ನೆತ್ತಿಗೇರಿದೆ ಎಂದು ಎಬ್ಬಿಸಿದ್ದು.